ಮೂರನೇ ಟೇಬಲ್ ಸೇರಿಸಿದ ಕೂಡಲೇ ಲೆಕ್ಕ ತಪ್ಪುತ್ತಿದೆಯೇ? ಎಸ್‌ಕ್ಯೂಎಲ್ ಜಾಯಿನ್, ಹಂತ ಹಂತವಾಗಿ

ಡೇಟಾಬೇಸ್ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಎರಡು ಟೇಬಲ್ ಜೋಡಿಸುವುದು, ಅಂದರೆ ಜಾಯಿನ್ ಮಾಡುವುದು, ಬಹಳ ಜನರಿಗೆ ಬರುತ್ತದೆ. ತೊಂದರೆ ಶುರುವಾಗುವುದು ಮೂರನೆಯದು ಸೇರಿಸಿದಾಗ. ಒಟ್ಟು ಮೊತ್ತ ಇದ್ದಕ್ಕಿದ್ದಂತೆ ಎರಡರಷ್ಟಾಗುತ್ತದೆ. ಇಲ್ಲವೇ ಇರಲೇಬೇಕಾದ ಗ್ರಾಹಕರು ಪಟ್ಟಿಯಿಂದ ಮಾಯವಾಗುತ್ತಾರೆ. ಕ್ವೆರಿ (ಡೇಟಾಬೇಸ್‌ಗೆ ನಾವು ಬರೆದು ಕೇಳುವ ಪ್ರಶ್ನೆ) ಮಾತ್ರ ಒಂದೂ ಎರರ್ ಕೊಡದೆ ಓಡುತ್ತದೆ. ತಪ್ಪು ಉತ್ತರವೂ ಸರಿ ಉತ್ತರದ ಹಾಗೆಯೇ ಕಾಣುತ್ತದೆ.

ಇಂಥ ಕ್ವೆರಿಗಳನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಕಾಣುವುದು ಹೆಚ್ಚು ಕಡಿಮೆ ಒಂದೇ ಕಾರಣ. ಬರೆದವರು ಎಲ್ಲ ಟೇಬಲ್‌ಗಳನ್ನೂ ಒಂದೇ ಉಸಿರಿಗೆ ಜೋಡಿಸಿ, ಕೊನೆಯ ಉತ್ತರವನ್ನಷ್ಟೇ ನೋಡಿರುತ್ತಾರೆ. ನಡುವೆ ಎಷ್ಟು ಸಾಲು ಹೆಚ್ಚಾದವು, ಎಷ್ಟು ಉದುರಿಹೋದವು ಎಂದು ಎಣಿಸಿರುವುದಿಲ್ಲ. ಆದ್ದರಿಂದ ಇಲ್ಲಿನ ಪ್ರತಿ ಹಂತದಲ್ಲೂ ಎಣಿಕೆ ಇದೆ. ದಯವಿಟ್ಟು ಅದನ್ನು ಬಿಡಬೇಡಿ.

ಒಂದು ಸೂಚನೆ: ಕ್ವೆರಿಯ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ನಿಮ್ಮ ಎಡಿಟರ್‌ನಲ್ಲಿ ಸೆಲೆಕ್ಟ್, ಫ್ರಮ್, ಜಾಯಿನ್ ಮುಂತಾದವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

## ಶುರು ಮಾಡುವ ಮುನ್ನ

ಮೊದಲು ಕ್ವೆರಿ ಓಡಿಸಲು ಒಂದು ಟೂಲ್ ಬೇಕು. ಡಿಬೀವರ್ ಆಗಬಹುದು, ಡೇಟಾಬೇಸ್ ಜೊತೆಗೇ ಬರುವ ಕಮಾಂಡ್ ಲೈನ್ ಆಗಬಹುದು. ಆಮೇಲೆ ಟೇಬಲ್‌ಗಳ ರಚನೆ ನೋಡುವ ದಾರಿ ಗೊತ್ತಿರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಡಿಸ್ಕ್ರೈಬ್ ಎಂಬ ಕಮಾಂಡ್ ಕಾಲಂಗಳನ್ನೂ ಅವುಗಳ ಟೈಪನ್ನೂ ತೋರಿಸುತ್ತದೆ. ಜೊತೆಗೆ ಒಂದು ಹಾಳೆ, ಒಂದು ಪೆನ್ಸಿಲ್ ಇರಲಿ. ಟೇಬಲ್‌ಗಳನ್ನು ಚೌಕಗಳಾಗಿ ಬರೆದು ನಡುವೆ ಗೆರೆ ಎಳೆದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಜನ ಬಳಸುತ್ತಿರುವ ಡೇಟಾಬೇಸ್ ಮೇಲೆ ಅಭ್ಯಾಸ ಮಾಡಬೇಡಿ. ಷರತ್ತು ಮರೆತ ಒಂದು ಜಾಯಿನ್ ಸಾಕು, 1000 ಸಾಲಿನ ಎರಡು ಟೇಬಲ್ ಸೇರಿ 10 ಲಕ್ಷ ಸಾಲು ಹುಟ್ಟುತ್ತವೆ. ನಕಲು ಪ್ರತಿ ಇದ್ದರೆ ಅದನ್ನೇ ಬಳಸಿ.

ಉದಾಹರಣೆಗೆ ನಾಲ್ಕು ಚಿಕ್ಕ ಟೇಬಲ್ ಇಟ್ಟುಕೊಳ್ಳೋಣ. ಬೆರಳಲ್ಲಿ ಎಣಿಸುವಷ್ಟೇ ಸಾಲುಗಳಿವೆ, ಬೇಕೆಂದೇ ಹಾಗೆ ಮಾಡಿದ್ದೇನೆ.

ಕಸ್ಟಮರ್ಸ್: 4 ಸಾಲು. ಐಡಿ 1, 2, 3, 4.

ಆರ್ಡರ್ಸ್: 5 ಸಾಲು. 101 ಮತ್ತು 102 ಗ್ರಾಹಕ 1ರದ್ದು. 103 ಗ್ರಾಹಕ 2ರದ್ದು. 104 ಗ್ರಾಹಕ 3ರದ್ದು. 105ರಲ್ಲಿ ಕಸ್ಟಮರ್_ಐಡಿ ಖಾಲಿ, ಅಂದರೆ ನಲ್. ಗ್ರಾಹಕ 4 ಇನ್ನೂ ಯಾವ ಆರ್ಡರ್ ಕೊಟ್ಟಿಲ್ಲ.

ಐಟಮ್ಸ್: 8 ಸಾಲು. 101ಕ್ಕೆ ಎರಡು (300 ಮತ್ತು 200), 103ಕ್ಕೆ ಮೂರು (ತಲಾ 100), 102, 104, 105ಕ್ಕೆ ಒಂದೊಂದು.

ಪೇಮೆಂಟ್ಸ್: 6 ಸಾಲು. 101ಕ್ಕೆ ಎರಡು ಕಂತು (250, 250), 103ಕ್ಕೆ ಎರಡು ಕಂತು (150, 150), 102 ಮತ್ತು 105ಕ್ಕೆ ಒಂದೊಂದು. 104ಕ್ಕೆ ಹಣ ಬಂದಿಲ್ಲ.

## ಹಂತ 1: ಉತ್ತರದಲ್ಲಿ ಒಂದು ಸಾಲು ಅಂದರೆ ಏನು?

ಒಂದೂ ಅಕ್ಷರ ಟೈಪ್ ಮಾಡುವ ಮೊದಲು ಹಾಳೆಯ ಮೇಲೆ ಹೀಗೆ ಬರೆಯಿರಿ: "ಉತ್ತರದಲ್ಲಿ ಒಂದು ಸಾಲು ಅಂದರೆ ಒಬ್ಬ ಗ್ರಾಹಕ." ಇಲ್ಲವೇ "ಒಂದು ಆರ್ಡರ್." ಇಲ್ಲವೇ "ಒಂದು ಆರ್ಡರ್‌ನ ಒಂದು ಐಟಂ." ಇವು ಮೂರೂ ಬೇರೆ ಬೇರೆ ಕ್ವೆರಿಗಳು.

ಈ ವಾಕ್ಯ ನಿಮಗೆ ಬರೆಯಲು ಆಗದಿದ್ದರೆ ಮುಂದೆ ಹೋಗಬೇಡಿ. ವರದಿ ಕೇಳಿದವರನ್ನೇ ಹೋಗಿ ಕೇಳಿ. "ಗ್ರಾಹಕರ ಆರ್ಡರ್ ವಿವರ ಬೇಕು" ಅಂದರೆ ಯಾವುದೂ ಸ್ಪಷ್ಟವಾಗುವುದಿಲ್ಲ, ಅಲ್ವಾ?

ಆಮೇಲೆ ಎಷ್ಟು ಸಾಲು ಬರಬೇಕು ಎಂದು ಅಂದಾಜು ಮಾಡಿ. ನಮ್ಮ ಗುರಿ ಹೀಗಿರಲಿ: ಎಲ್ಲ ಗ್ರಾಹಕರೂ ಬರಬೇಕು, ಪ್ರತಿ ಆರ್ಡರ್‌ಗೆ ಒಂದು ಸಾಲು, ಅದರ ಬಿಲ್ ಎಷ್ಟು, ಬಂದ ಹಣ ಎಷ್ಟು. ಗ್ರಾಹಕರಿರುವ ಆರ್ಡರ್ 4, ಆರ್ಡರ್ ಇಲ್ಲದ ಗ್ರಾಹಕ 1. ಒಟ್ಟು 5 ಸಾಲು. ಈ 5ನ್ನು ಹಾಳೆಯ ಮೇಲೆ ಬರೆದಿಡಿ, ಕೊನೆಗೆ ಬೇಕಾಗುತ್ತದೆ.

## ಹಂತ 2: ಕೀಗಳನ್ನು ನಂಬಬೇಡಿ, ಪರೀಕ್ಷಿಸಿ

ಜಾಯಿನ್ ಮಾಡುವುದು ಇಷ್ಟೇ: ಎಡಗಡೆಯ ಪ್ರತಿ ಸಾಲಿಗೂ ಬಲಗಡೆಯಲ್ಲಿ ಷರತ್ತಿಗೆ ಹೊಂದುವ ಸಾಲುಗಳನ್ನು ಹುಡುಕುತ್ತದೆ. ಎಷ್ಟು ಸಿಕ್ಕರೆ ಅಷ್ಟು ಸಾಲು. ಮೂರು ಸಿಕ್ಕರೆ ಎಡಗಡೆಯ ಸಾಲು ಮೂರು ಸಲ ಬರುತ್ತದೆ. ಹಾಗಾಗಿ ಬಲಗಡೆಯ ಕೀ (ಹೊಂದಿಸಲು ಬಳಸುವ ಕಾಲಂನ ಬೆಲೆ) ಒಂದೇ ಸಲ ಇದೆಯೋ, ಹಲವು ಸಲ ಇದೆಯೋ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಅದನ್ನು ಹೀಗೆ ಪರೀಕ್ಷಿಸಿ:

```
ಸೆಲೆಕ್ಟ್ ಆರ್ಡರ್_ಐಡಿ, ಕೌಂಟ್(*)
ಫ್ರಮ್ ಪೇಮೆಂಟ್ಸ್
ಗ್ರೂಪ್ ಬೈ ಆರ್ಡರ್_ಐಡಿ
ಹ್ಯಾವಿಂಗ್ ಕೌಂಟ್(*) > 1
```

ನಮ್ಮ ಡೇಟಾದಲ್ಲಿ ಇದು 101 ಮತ್ತು 103ನ್ನು ತೋರಿಸುತ್ತದೆ. ಅಂದರೆ ಪೇಮೆಂಟ್ಸ್ ಸೇರಿಸಿದರೆ ಸಾಲುಗಳು ಹೆಚ್ಚುತ್ತವೆ ಎಂದು ಮೊದಲೇ ಗೊತ್ತಾಯಿತು. ಖಾಲಿ ಉತ್ತರ ಬಂದರೆ ಆ ಟೇಬಲ್ ಸೇರಿಸುವುದರಿಂದ ಸಾಲು ಹೆಚ್ಚಾಗುವುದಿಲ್ಲ.

ಇನ್ನು ನಲ್. ನಲ್ ಯಾವುದಕ್ಕೂ ಸಮ ಅಲ್ಲ, ಇನ್ನೊಂದು ನಲ್‌ಗೂ ಸಮ ಅಲ್ಲ. ಆದ್ದರಿಂದ ಆರ್ಡರ್ 105 ಯಾವ ಗ್ರಾಹಕರ ಜೊತೆಗೂ ಸೇರುವುದಿಲ್ಲ. ಕೀ ಕಾಲಂನಲ್ಲಿ ಎಷ್ಟು ನಲ್ ಇವೆ ಎಂದು ಎಣಿಸಿ, ಬರೆದಿಡಿ.

ಮೂರನೆಯದು ಟೈಪ್. ಒಂದು ಕಡೆ ಐಡಿ ಸಂಖ್ಯೆಯಾಗಿ, ಇನ್ನೊಂದು ಕಡೆ ಪಠ್ಯವಾಗಿ ಇದ್ದರೆ ಏನಾಗುತ್ತದೆ ಎಂಬುದು ಡೇಟಾಬೇಸ್ ಮೇಲೆ ನಿಂತಿದೆ. ಪೋಸ್ಟ್‌ಗ್ರೆಸ್ ನೇರವಾಗಿ ಎರರ್ ಕೊಟ್ಟು ನಿಲ್ಲಿಸುತ್ತದೆ. ಅದು ಒಳ್ಳೆಯದೇ. ಮೈಎಸ್‌ಕ್ಯೂಎಲ್ ಸದ್ದಿಲ್ಲದೆ ಪಠ್ಯವನ್ನು ಸಂಖ್ಯೆಗೆ ಬದಲಿಸಿ ಹೋಲಿಸುತ್ತದೆ. ಆಗ '12ಎಬಿ' ಎಂಬ ಪಠ್ಯವೂ 12ಕ್ಕೆ ಹೊಂದಿಬಿಡುತ್ತದೆ, ಮೇಲಾಗಿ ಆ ಪಠ್ಯದ ಕಾಲಂ ಮೇಲಿನ ಇಂಡೆಕ್ಸ್ (ಬೇಗ ಹುಡುಕಲು ಇಟ್ಟುಕೊಳ್ಳುವ ಸೂಚಿ) ಕೂಡ ಕೆಲಸಕ್ಕೆ ಬರುವುದಿಲ್ಲ. ಎರಡೂ ಕಡೆ ಪಠ್ಯವೇ ಇದ್ದರೂ '00123' ಮತ್ತು '123' ಬೇರೆ ಬೇರೆ ಎಂಬುದು ನೆನಪಿರಲಿ.

ಹೆಸರಿನ ಮೇಲೆ ಜಾಯಿನ್ ಮಾಡಬೇಡಿ. ಒಂದೇ ಹೆಸರಿನ ಇಬ್ಬರು ಇದ್ದರೆ ಒಬ್ಬರ ಆರ್ಡರ್ ಇನ್ನೊಬ್ಬರ ಲೆಕ್ಕಕ್ಕೂ ಸೇರುತ್ತದೆ. ನ್ಯಾಚುರಲ್ ಜಾಯಿನ್ ಕೂಡ ಬೇಡ ಎಂದೇ ನಾನು ಹೇಳುತ್ತೇನೆ. ಅದು ಒಂದೇ ಹೆಸರಿನ ಎಲ್ಲ ಕಾಲಂಗಳನ್ನೂ ತಾನೇ ಹೊಂದಿಸುತ್ತದೆ. ಕಸ್ಟಮರ್ಸ್‌ನಲ್ಲೂ ಆರ್ಡರ್ಸ್‌ನಲ್ಲೂ ಐಡಿ ಎಂಬ ಕಾಲಂ ಇದೆ. ನ್ಯಾಚುರಲ್ ಜಾಯಿನ್ ಗ್ರಾಹಕರ ಐಡಿಯನ್ನು ಆರ್ಡರ್ ಐಡಿಗೇ ಹೊಂದಿಸಲು ಹೋಗುತ್ತದೆ.

## ಹಂತ 3: ಮೊದಲ ಟೇಬಲ್ ಮತ್ತು ಜಾಯಿನ್ ವಿಧ

"ಎಲ್ಲ ಗ್ರಾಹಕರೂ ಬರಬೇಕು" ಎಂದಿದ್ದೆವು. ಯಾವುದು ಒಂದೂ ಬಿಡದೆ ಬರಬೇಕೋ ಅದು ಫ್ರಮ್‌ನಲ್ಲಿ ಮೊದಲು ಬರಲಿ. ಅಲ್ಲಿಂದ ಲೆಫ್ಟ್ ಜಾಯಿನ್ ಮಾಡುತ್ತಾ ಹೋಗಿ.

ಇನ್ನರ್ ಜಾಯಿನ್ ಎರಡೂ ಕಡೆ ಹೊಂದಿದ ಸಾಲನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಲೆಫ್ಟ್ ಜಾಯಿನ್ ಎಡಗಡೆಯ ಯಾವ ಸಾಲನ್ನೂ ಬಿಡುವುದಿಲ್ಲ, ಜೋಡಿ ಸಿಗದಿದ್ದರೆ ಬಲಗಡೆಯ ಕಾಲಂಗಳಲ್ಲಿ ನಲ್ ತುಂಬುತ್ತದೆ. ರೈಟ್ ಜಾಯಿನ್ ಅದರ ತಿರುಗುಮುರುಗು. ಟೇಬಲ್‌ಗಳ ಜಾಗ ಬದಲಿಸಿದರೆ ಲೆಫ್ಟ್‌ನಿಂದಲೇ ಆಗುವ ಕೆಲಸ ಅದು, ಆದ್ದರಿಂದ ಒಂದೇ ಕ್ವೆರಿಯಲ್ಲಿ ಎರಡನ್ನೂ ಬೆರೆಸಿ ಓದುವವರಿಗೆ ಕಷ್ಟ ಕೊಡಬೇಡಿ. ಫುಲ್ ಔಟರ್ ಜಾಯಿನ್ ಎರಡೂ ಕಡೆಯದನ್ನು ಉಳಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಇಲ್ಲ. ಎಸ್‌ಕ್ಯೂಲೈಟ್‌ಗೆ ರೈಟ್ ಮತ್ತು ಫುಲ್ ಎರಡೂ ಬಂದದ್ದು 2022ರ 3.39 ಆವೃತ್ತಿಯಲ್ಲಿ. ಹಳೆಯ ಆವೃತ್ತಿ ಇದ್ದರೆ ಕ್ವೆರಿ ಓಡುವುದಿಲ್ಲ.

ಮೊದಲ ಜಾಯಿನ್ ಹೀಗಿರುತ್ತದೆ:

```
ಸೆಲೆಕ್ಟ್ ಕೌಂಟ್(*)
ಫ್ರಮ್ ಕಸ್ಟಮರ್ಸ್ ಕ
ಲೆಫ್ಟ್ ಜಾಯಿನ್ ಆರ್ಡರ್ಸ್ ಆ
  ಆನ್ ಆ.ಕಸ್ಟಮರ್_ಐಡಿ = ಕ.ಐಡಿ
```

ಉತ್ತರ 5. ಇದೇ ಜಾಗದಲ್ಲಿ ಇನ್ನರ್ ಹಾಕಿದ್ದರೆ 4 ಬರುತ್ತಿತ್ತು, ಗ್ರಾಹಕ 4 ಕಾಣುತ್ತಿರಲಿಲ್ಲ. ಆರ್ಡರ್ 105 ಎರಡರಲ್ಲೂ ಬರುವುದಿಲ್ಲ, ಅದರ ಕೀ ನಲ್ ಆಗಿರುವುದರಿಂದ.

ಪ್ರತಿ ಟೇಬಲ್‌ಗೂ ಹೀಗೆ ಚಿಕ್ಕ ಅಡ್ಡಹೆಸರು ಕೊಡಿ, ಪ್ರತಿ ಕಾಲಂ ಮುಂದೆಯೂ ಅದನ್ನು ಬರೆಯಿರಿ. ಎರಡು ಟೇಬಲ್‌ನಲ್ಲಿ ಐಡಿ ಎಂಬ ಕಾಲಂ ಇದ್ದು ನೀವು ಸುಮ್ನೆ ಐಡಿ ಎಂದು ಬರೆದರೆ ಯಾವುದು ಎಂದು ತಿಳಿಯದೆ ಡೇಟಾಬೇಸ್ ಎರರ್ ಕೊಡುತ್ತದೆ.

## ಹಂತ 4: ಒಂದೊಂದೇ ಸೇರಿಸಿ, ಪ್ರತಿ ಸಲ ಎಣಿಸಿ

ಕಾಲಂಗಳ ಪಟ್ಟಿ ಬರೆಯುವ ಆತುರ ಬೇಡ. ಸೆಲೆಕ್ಟ್‌ನಲ್ಲಿ ಕೌಂಟ್(*) ಮಾತ್ರ ಇಟ್ಟುಕೊಂಡು ಒಂದು ಟೇಬಲ್ ಸೇರಿಸಿ, ಓಡಿಸಿ, ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಮುಂದಿನದು.

ಕಸ್ಟಮರ್ಸ್ ಮಾತ್ರ: 4. ಆರ್ಡರ್ಸ್ ಸೇರಿದ ಮೇಲೆ: 5. ಐಟಮ್ಸ್ ಸೇರಿದ ಮೇಲೆ: 8. ಪೇಮೆಂಟ್ಸ್ ಸೇರಿದ ಮೇಲೆ: 13.

ಈ 13 ಎಲ್ಲಿಂದ ಬಂತು? ಇದು ಅರ್ಥವಾದರೆ ಜಾಯಿನ್ ಅರ್ಥವಾದ ಹಾಗೆ, ಆದ್ದರಿಂದ ನಿಧಾನವಾಗಿ ನೋಡೋಣ. ಆರ್ಡರ್ 101ಕ್ಕೆ 2 ಐಟಂ, 2 ಕಂತು. ಯಾವ ಐಟಂಗೆ ಯಾವ ಕಂತು ಎಂದು ಡೇಟಾಬೇಸ್‌ಗೆ ಗೊತ್ತಿಲ್ಲ, ನಾವೂ ಹೇಳಿಲ್ಲ. ನಾವು ಹೇಳಿದ್ದು "ಆರ್ಡರ್ ಐಡಿ ಒಂದೇ ಇರಲಿ" ಎಂದು ಮಾತ್ರ. ಹಾಗಾಗಿ ಪ್ರತಿ ಐಟಂ ಪ್ರತಿ ಕಂತಿನ ಜೊತೆ ಸೇರಿ 4 ಸಾಲು ಆಯಿತು. 103ಕ್ಕೆ 3 ಐಟಂ, 2 ಕಂತು, ಅಂದರೆ 6 ಸಾಲು. 102ಕ್ಕೆ 1, 104ಕ್ಕೆ 1, ಆರ್ಡರ್ ಇಲ್ಲದ ಗ್ರಾಹಕ 4ಕ್ಕೆ 1. ಒಟ್ಟು 13.

ಈಗ ಇದರ ಮೇಲೆ ಸಮ್ ಹಾಕಿದರೆ ನೋಡಿ. 101ರ ನಿಜವಾದ ಬಿಲ್ 500, ಬಂದ ಹಣ 500. ಜಾಯಿನ್ ಆದ ಮೇಲೆ ಬಿಲ್ 1000, ಬಂದ ಹಣವೂ 1000! ಎರಡೂ ತಾಳೆಯಾಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 103ರಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಬಿಲ್ 300ರ ಬದಲು 600, ಬಂದ ಹಣ 300ರ ಬದಲು 900. ಬಿಲ್‌ಗಿಂತ ಜಾಸ್ತಿ ಹಣ ಬಂದಂತೆ ಕಂಡಾಗ ಜನ ಡೇಟಾ ತಪ್ಪಿದೆ ಎಂದುಕೊಳ್ಳುತ್ತಾರೆ. ಡೇಟಾ ಸರಿ ಇದೆ, ಕ್ವೆರಿ ತಪ್ಪಿದೆ.

## ಹಂತ 5: ಮೊದಲು ಕೂಡಿಸಿ, ಆಮೇಲೆ ಜೋಡಿಸಿ

ಇಲ್ಲಿ ಬಹಳ ಜನ ಹಿಡಿಯುವ ದಾರಿ ಡಿಸ್ಟಿಂಕ್ಟ್, ಅಂದರೆ ಮತ್ತೆ ಮತ್ತೆ ಬಂದದ್ದನ್ನು ಒಂದೇ ಸಲ ತೆಗೆದುಕೊಳ್ಳುವುದು. ಅದು ಮದ್ದಲ್ಲ. 101ರ ಎರಡು ಕಂತುಗಳೂ 250. ಸಮ್(ಡಿಸ್ಟಿಂಕ್ಟ್ ಮೊತ್ತ) ಎಂದರೆ ಒಂದೇ 250 ಉಳಿಯುತ್ತದೆ, ಬಂದ ಹಣ ಅರ್ಧಕ್ಕೆ ಇಳಿಯುತ್ತದೆ. ನಾನೂ ಒಮ್ಮೆ ಹೀಗೆ ಮಾಡಿ ವರದಿ ಕಳಿಸಿದ್ದೆ. ಸಮ ಕಂತಿನಲ್ಲಿ ಹಣ ಕಟ್ಟಿದವರೆಲ್ಲ ಬಾಕಿದಾರರ ಪಟ್ಟಿಗೆ ಬಂದಿದ್ದರು. ಕೂಡಲೇ ಗೊತ್ತಾಗಿ ಸರಿಪಡಿಸಿದೆವು, ಆದರೆ ಹಣ ಕಟ್ಟಿದವರಿಗೆ ಬಾಕಿ ಎಂದು ಹೇಳುವ ಹಂತದವರೆಗೆ ಹೋಗಿತ್ತು.

ಸರಿಯಾದ ದಾರಿ ಇದು: ಹಲವು ಸಾಲಿರುವ ಪ್ರತಿ ಟೇಬಲನ್ನೂ ಮೊದಲು "ಒಂದು ಆರ್ಡರ್‌ಗೆ ಒಂದು ಸಾಲು" ಎಂಬ ಮಟ್ಟಕ್ಕೆ ತನ್ನಿ. ಆಮೇಲೆ ಜೋಡಿಸಿ.

```
ವಿತ್ ಬಿಲ್‌ಗಳು ಆಸ್ (
  ಸೆಲೆಕ್ಟ್ ಆರ್ಡರ್_ಐಡಿ, ಸಮ್(ಮೊತ್ತ) ಆಸ್ ಬಿಲ್
  ಫ್ರಮ್ ಐಟಮ್ಸ್
  ಗ್ರೂಪ್ ಬೈ ಆರ್ಡರ್_ಐಡಿ
),
ಜಮೆ ಆಸ್ (
  ಸೆಲೆಕ್ಟ್ ಆರ್ಡರ್_ಐಡಿ, ಸಮ್(ಮೊತ್ತ) ಆಸ್ ಬಂದದ್ದು
  ಫ್ರಮ್ ಪೇಮೆಂಟ್ಸ್
  ಗ್ರೂಪ್ ಬೈ ಆರ್ಡರ್_ಐಡಿ
)
ಸೆಲೆಕ್ಟ್ ಕ.ಐಡಿ, ಆ.ಐಡಿ, ಬ.ಬಿಲ್,
       ಕೋಲೆಸ್(ಜ.ಬಂದದ್ದು, 0)
ಫ್ರಮ್ ಕಸ್ಟಮರ್ಸ್ ಕ
ಲೆಫ್ಟ್ ಜಾಯಿನ್ ಆರ್ಡರ್ಸ್ ಆ
  ಆನ್ ಆ.ಕಸ್ಟಮರ್_ಐಡಿ = ಕ.ಐಡಿ
ಲೆಫ್ಟ್ ಜಾಯಿನ್ ಬಿಲ್‌ಗಳು ಬ
  ಆನ್ ಬ.ಆರ್ಡರ್_ಐಡಿ = ಆ.ಐಡಿ
ಲೆಫ್ಟ್ ಜಾಯಿನ್ ಜಮೆ ಜ
  ಆನ್ ಜ.ಆರ್ಡರ್_ಐಡಿ = ಆ.ಐಡಿ
```

ಈಗ ಎಣಿಸಿ: 5 ಸಾಲು. ಹಂತ 1ರಲ್ಲಿ ಬರೆದಿಟ್ಟದ್ದು ಇದೇ. 101ಕ್ಕೆ 500 ಮತ್ತು 500, 103ಕ್ಕೆ 300 ಮತ್ತು 300. ಹಣ ಬರದ 104ಕ್ಕೆ ಕೋಲೆಸ್‌ನಿಂದಾಗಿ ನಲ್ ಬದಲು 0 ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ವಿತ್ ಬಳಸಲು 8.0 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಹಳೆಯದರಲ್ಲಿ ಅದೇ ಕ್ವೆರಿಯನ್ನು ಜಾಯಿನ್ ಒಳಗೆ ಕಂಸದಲ್ಲಿ ಬರೆಯಬಹುದು.

ಇನ್ನೊಂದು ಮಾತು. ಬಲಗಡೆಯ ಟೇಬಲ್‌ನಿಂದ ಯಾವ ಕಾಲಂ ಕೂಡ ಬೇಡ, "ಆರ್ಡರ್ ಕೊಟ್ಟ ಗ್ರಾಹಕರು ಯಾರು" ಎಂದಷ್ಟೇ ತಿಳಿಯಬೇಕು ಅಂತಿದ್ದರೆ ಜಾಯಿನ್ ಬೇಕಾಗಿಲ್ಲ. ಹೊಂದುವ ಸಾಲು ಇದೆಯೇ ಎಂದಷ್ಟೇ ನೋಡುವ ಎಕ್ಸಿಸ್ಟ್ಸ್ ಬಳಸಿ. ಅದು ಸಾಲನ್ನು ಎಂದಿಗೂ ಹೆಚ್ಚಿಸುವುದಿಲ್ಲ.

## ಹಂತ 6: ಷರತ್ತು ಆನ್‌ನಲ್ಲೋ, ವೇರ್‌ನಲ್ಲೋ?

ಲೆಫ್ಟ್ ಜಾಯಿನ್ ಸರಿಯಾಗಿ ಬರೆದೂ ಗ್ರಾಹಕರನ್ನು ಕಳೆದುಕೊಳ್ಳುವುದು ಇಲ್ಲಿ. ಆರ್ಡರ್ಸ್‌ನಲ್ಲಿ ಸ್ಥಿತಿ ಎಂಬ ಕಾಲಂ ಇದೆ, 103 ಮಾತ್ರ ರದ್ದಾಗಿದೆ ಎಂದುಕೊಳ್ಳಿ. ರದ್ದಾದದ್ದನ್ನು ಬಿಡಬೇಕು, ಗ್ರಾಹಕರು ಮಾತ್ರ ಎಲ್ಲರೂ ಬರಬೇಕು.

ವೇರ್ ಆ.ಸ್ಥಿತಿ <> 'ರದ್ದು' ಎಂದು ಬರೆದರೆ ಬರುವುದು 3 ಸಾಲು. ಗ್ರಾಹಕ 2 ಹೋದರು, ಗ್ರಾಹಕ 4 ಕೂಡ ಹೋದರು. ಯಾಕೆಂದರೆ ವೇರ್ ಓಡುವುದು ಜಾಯಿನ್ ಮುಗಿದ ಮೇಲೆ. ಆಗ ಗ್ರಾಹಕ 4ರ ಸ್ಥಿತಿ ನಲ್. ನಲ್ ಅನ್ನು 'ರದ್ದು' ಜೊತೆ ಹೋಲಿಸಿದರೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಹೌದು ಎಂದು ಬರದ ಸಾಲನ್ನು ವೇರ್ ಉಳಿಸಿಕೊಳ್ಳುವುದಿಲ್ಲ. ನಿಮ್ಮ ಲೆಫ್ಟ್ ಜಾಯಿನ್ ಅಲ್ಲಿಗೆ ಇನ್ನರ್ ಆಗಿಹೋಯಿತು.

ಅದೇ ಷರತ್ತನ್ನು ಆನ್ ಒಳಗೆ, ಕೀ ಹೋಲಿಕೆಯ ಪಕ್ಕದಲ್ಲಿ ಆಂಡ್ ಹಾಕಿ ಬರೆದರೆ 5 ಸಾಲು ಬರುತ್ತದೆ. ಗ್ರಾಹಕ 2 ಮತ್ತು 4ರ ಮುಂದೆ ಆರ್ಡರ್ ಜಾಗ ಖಾಲಿ ಇರುತ್ತದೆ, ಅಷ್ಟೇ.

ಬಲಗಡೆಯ ಟೇಬಲ್ ಮೇಲಿನ ಷರತ್ತು ಆನ್‌ನಲ್ಲಿ, ಎಡಗಡೆಯದ್ದು ವೇರ್‌ನಲ್ಲಿ. ಲೆಫ್ಟ್ ಜಾಯಿನ್‌ನಲ್ಲಿ ಎಡಗಡೆಯ ಷರತ್ತನ್ನು ಆನ್‌ಗೆ ಹಾಕಿದರೆ ಯಾರೂ ಕಡಿಮೆಯಾಗುವುದಿಲ್ಲ, ಷರತ್ತೇ ಕೆಲಸ ಮಾಡಿಲ್ಲ ಅನಿಸುತ್ತದೆ. ಒಂದೇ ಒಂದು ಅಪವಾದ ಇದೆ: ಆರ್ಡರ್ ಕೊಡದ ಗ್ರಾಹಕರನ್ನೇ ಹುಡುಕುವಾಗ ಆ.ಐಡಿ ಈಸ್ ನಲ್ ಎಂಬುದು ವೇರ್‌ನಲ್ಲೇ ಇರಬೇಕು. ಅಲ್ಲಿ ಬಲಗಡೆಯ ಪ್ರೈಮರಿ ಕೀಯನ್ನೇ (ಪ್ರತಿ ಸಾಲನ್ನೂ ಗುರುತಿಸುವ, ನಲ್ ಆಗದ ಕಾಲಂ) ಪರೀಕ್ಷಿಸಿ. ಬೇರೆ ಕಾಲಂ ಹಿಡಿದರೆ ಅದು ತಾನಾಗಿಯೇ ನಲ್ ಇದ್ದಿರಬಹುದು.

ಈ ಕೆಲಸಕ್ಕೆ ನಾಟ್ ಇನ್ ಬಳಸಿದರೆ ಇನ್ನೊಂದು ಹೊಂಡ. ಒಳಗಿನ ಪಟ್ಟಿಯಲ್ಲಿ ಒಂದು ನಲ್ ಇದ್ದರೂ ಸಾಕು, ಉತ್ತರದಲ್ಲಿ ಒಂದೂ ಸಾಲು ಬರುವುದಿಲ್ಲ. ನಮ್ಮ 105 ಅಂಥ ನಲ್ ಇಟ್ಟುಕೊಂಡು ಕೂತಿದೆ. ನಾಟ್ ಎಕ್ಸಿಸ್ಟ್ಸ್‌ಗೆ ಈ ತೊಂದರೆ ಇಲ್ಲ.

## ಹಂತ 7: ಲೆಫ್ಟ್ ಸರಪಳಿಯ ನಡುವೆ ಇನ್ನರ್ ತರಬೇಡಿ

ಕಸ್ಟಮರ್ಸ್‌ನಿಂದ ಆರ್ಡರ್ಸ್‌ಗೆ ಲೆಫ್ಟ್, ಅಲ್ಲಿಂದ ಐಟಮ್ಸ್‌ಗೆ ಇನ್ನರ್ ಮಾಡಿದರೆ 8ರ ಬದಲು 7 ಸಾಲು ಬರುತ್ತದೆ. ಗ್ರಾಹಕ 4ರ ಆರ್ಡರ್ ಐಡಿ ನಲ್, ಐಟಮ್ಸ್‌ನಲ್ಲಿ ಅದಕ್ಕೆ ಜೋಡಿ ಇಲ್ಲ, ಇನ್ನರ್ ಆ ಸಾಲನ್ನು ಎಸೆಯಿತು. ಒಮ್ಮೆ ಲೆಫ್ಟ್ ಹಿಡಿದರೆ ಆ ದಾರಿಯಲ್ಲಿ ಕೊನೆತನಕ ಲೆಫ್ಟ್ ಇರಲಿ. ಐಟಂ ಇರುವ ಆರ್ಡರ್ ಮಾತ್ರ ಬೇಕು, ಆದರೂ ಗ್ರಾಹಕರೆಲ್ಲ ಬೇಕು ಎಂದರೆ ಆರ್ಡರ್ಸ್ ಮತ್ತು ಐಟಮ್ಸ್ ಅನ್ನು ಮೊದಲು ಕಂಸದೊಳಗೆ ಇನ್ನರ್ ಮಾಡಿ, ಆ ಇಡೀ ಕಂಸಕ್ಕೆ ಲೆಫ್ಟ್ ಜಾಯಿನ್ ಮಾಡಿ.

## ಹಂತ 8: ನಿಧಾನವಾದರೆ

ಮೊದಲು ಉತ್ತರ ಸರಿ ಇರಲಿ, ವೇಗ ಆಮೇಲೆ. ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಸೇರಿಸಿ ಓಡಿಸಿದರೆ ಡೇಟಾಬೇಸ್ ಯಾವ ಕ್ರಮದಲ್ಲಿ, ಯಾವ ಇಂಡೆಕ್ಸ್ ಹಿಡಿದು ಹುಡುಕುತ್ತದೆ ಎಂದು ತೋರಿಸುತ್ತದೆ. ದೊಡ್ಡ ಟೇಬಲನ್ನು ಪೂರ್ತಿ ಓದುತ್ತಿದ್ದರೆ ಜಾಯಿನ್ ಕಾಲಂ ಮೇಲೆ ಇಂಡೆಕ್ಸ್ ಇದೆಯೇ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಫಾರಿನ್ ಕೀ (ಇನ್ನೊಂದು ಟೇಬಲ್‌ನ ಕೀಯನ್ನು ತೋರಿಸುವ ಕಾಲಂ) ಘೋಷಿಸಿದರೂ ಆ ಕಾಲಂಗೆ ಇಂಡೆಕ್ಸ್ ತಾನಾಗಿ ಬರುವುದಿಲ್ಲ, ನಾವೇ ಮಾಡಬೇಕು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಜಿನ್ ಆದರೆ, ಇಂಡೆಕ್ಸ್ ಮೊದಲೇ ಇಲ್ಲದಿದ್ದರೆ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಕೀ ಹೋಲಿಕೆಯಲ್ಲಿ ಕಾಲಂ ಸುತ್ತ ಅಪ್ಪರ್, ಟ್ರಿಮ್ ಮುಂತಾದ ಫಂಕ್ಷನ್ ಸುತ್ತಿದ್ದರೂ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ.

## ಇವು ಕಂಡರೆ ನಿಲ್ಲಿಸಿ ನೋಡಿ

ಉತ್ತರ ಸರಿಬರಲು ಡಿಸ್ಟಿಂಕ್ಟ್ ಹಾಕಲೇಬೇಕಾಯಿತೇ? ಹಂತ 4ಕ್ಕೆ ಹಿಂತಿರುಗಿ, ಎಲ್ಲಿ ಸಾಲು ಹೆಚ್ಚಾಯಿತು ಹುಡುಕಿ.

ಆರ್ಡರ್ ಇಲ್ಲದ ಗ್ರಾಹಕರ ಮುಂದೆ ಆರ್ಡರ್‌ಗಳ ಎಣಿಕೆ 1 ಎಂದು ಬರುತ್ತಿದೆಯೇ? ಕೌಂಟ್(*) ನಲ್ ತುಂಬಿದ ಸಾಲನ್ನೂ ಎಣಿಸುತ್ತದೆ. ಕೌಂಟ್(ಆ.ಐಡಿ) ಎಂದು ಬದಲಿಸಿ, 0 ಬರುತ್ತದೆ.

ಸಾಲುಗಳ ಸಂಖ್ಯೆ ಎರಡು ಟೇಬಲ್‌ಗಳ ಗುಣಲಬ್ಧಕ್ಕೆ ಸರಿಯಾಗಿದೆಯೇ? ಆನ್ ಮರೆತಿದ್ದೀರಿ. ಮೈಎಸ್‌ಕ್ಯೂಎಲ್ ಆನ್ ಇಲ್ಲದ ಜಾಯಿನ್ ಅನ್ನೂ ಒಪ್ಪಿಕೊಂಡು ಎಲ್ಲವನ್ನೂ ಎಲ್ಲದರ ಜೊತೆ ಸೇರಿಸುತ್ತದೆ. ಫ್ರಮ್‌ನಲ್ಲಿ ಟೇಬಲ್‌ಗಳನ್ನು ಬರೀ ಕಾಮಾ ಹಾಕಿ ಬರೆಯುವವರಿಗೂ ಇದೇ ಆಗುತ್ತದೆ.

ಒಟ್ಟು ಮೊತ್ತ ಹೊಂದುತ್ತಿಲ್ಲವೇ? ಐಟಮ್ಸ್ ಟೇಬಲ್ ಮೇಲೆ ಮಾತ್ರ ಸಮ್ ಓಡಿಸಿ, ನಿಮ್ಮ ಉತ್ತರದ ಮೊತ್ತದ ಜೊತೆ ಹೋಲಿಸಿ. ನಮ್ಮ ಉದಾಹರಣೆಯಲ್ಲಿ ಆರ್ಡರ್ 105ರ ಮೊತ್ತದಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಯಾಕೆಂದರೆ ಅದಕ್ಕೆ ಗ್ರಾಹಕರಿಲ್ಲ. ವ್ಯತ್ಯಾಸ ಅಷ್ಟೇ ಇದ್ದರೆ ಕ್ವೆರಿ ಸರಿ ಇದೆ, ಗ್ರಾಹಕರಿಲ್ಲದ ಆರ್ಡರ್ ಬಗ್ಗೆ ವರದಿಯಲ್ಲಿ ಒಂದು ಸಾಲು ಬರೆದು ತಿಳಿಸಿ. ಅದಕ್ಕಿಂತ ಜಾಸ್ತಿ ಅಥವಾ ಕಡಿಮೆ ಇದ್ದರೆ ಒಂದಕ್ಕಿಂತ ಹೆಚ್ಚು ಐಟಂ, ಒಂದಕ್ಕಿಂತ ಹೆಚ್ಚು ಕಂತು ಇರುವ ಒಂದು ಆರ್ಡರ್ ಆರಿಸಿಕೊಳ್ಳಿ. ವೇರ್‌ನಲ್ಲಿ ಅದರ ಐಡಿ ಮಾತ್ರ ಹಾಕಿ, ಬರುವ ಸಾಲುಗಳನ್ನು ಹಾಳೆಯ ಮೇಲೆ ಕೈಯಾರೆ ತಾಳೆ ನೋಡಿ.